ನೋಡದೆ ಬರೆದ ಲೆಕ್ಕ

ನಮ್ಮ ಅವ್ವಂದಿರು ಗಿಡ ನೋಡುವ ಕೆಲಸ ಮಾಡಿದವರು. ಕಾಫಿ ತೋಟ ಕಂಡವರಿಗೆ ಇದು ಗೊತ್ತು, ಕಾಣದವರಿಗೆ ಹೇಳಬೇಕು. ಅರೇಬಿಕಾ ಗಿಡದ ಕಾಂಡದೊಳಗೆ ಬಿಳಿ ಕಾಂಡಕೊರಕ ಅನ್ನೋ ಹುಳು ಸೇರ್ಕೊಳ್ತದೆ. ತೋಟದಲ್ಲಿ ಅದಕ್ಕೆ ಬೋರರ್ ಅಂತಾರೆ. ಹುಳು ಒಳಗೊಳಗೇ ಕೊರೀತಾ ಹೋದ ಹಾಗೆ ಕಾಂಡದ ಮೇಲೆ ಬಳೆ ತೊಡಿಸಿದಂತೆ ಉಬ್ಬು ಏಳ್ತದೆ, ಎಲೆ ಹಳದಿಯಾಗ್ತದೆ. ಹುಳು ಹಾರೋ ಕಾಲಕ್ಕೆ ಮುಂಚೆ, ಮಾರ್ಚಿನಲ್ಲೊಂದು ಸಲ ಸೆಪ್ಟೆಂಬರಿನಲ್ಲೊಂದು ಸಲ, ಸಾಲು ಹಿಡಿದು ಹೋಗಿ ಒಂದೊಂದೇ ಗಿಡದ ಬುಡಕ್ಕೆ ಬಗ್ಗಿ ನೋಡಬೇಕು. ಹುಳು ಹತ್ತಿದ ಗಿಡವನ್ನು ಕಿತ್ತು ಸುಡಬೇಕು. ಒಂದು ಬಿಟ್ಟರೆ ಪಕ್ಕದ ಹತ್ತು ಹೋಗ್ತವೆ.

ಒಂದು ಆಳು ದಿನಕ್ಕೆ ಎಷ್ಟು ಗಿಡ ನೋಡಬಲ್ಲಳು ಅನ್ನೋದು ತೋಟದ ರೈಟರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನೋಡಿದೆ ಅಂದ್ರೆ ಮೇಸ್ತ್ರಿ ನಂಬ್ತಿರಲಿಲ್ಲ. "ನೋಡಿದ್ದಲ್ಲ, ನಡೆದದ್ದು" ಅಂತ ಬೈದು ಅದೇ ಸಾಲಿಗೆ ವಾಪಸು ಕಳಿಸ್ತಿದ್ದ. ಸಾಹುಕಾರ್ರು ನಮ್ಮವರನ್ನು ಮನುಷ್ಯರು ಅಂತ ಕಂಡದ್ದು ಕಡಿಮೆ. ಕುಡಿಯೋ ನೀರಿನ ಲೋಟ ಬೇರೆ ಇಟ್ಟವರು ಅವರು. ಆದರೆ ಗಿಡಕ್ಕೆ ಎಷ್ಟು ಕಣ್ಣು ಬೇಕು ಅನ್ನೋ ಲೆಕ್ಕ ಮಾತ್ರ ಅವರ ಹತ್ರ ಸರಿಯಾಗಿತ್ತು. ಗಿಡದ ರೋಗ ನೋಡೋದಕ್ಕೇ ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರ ಇದೆ ನೋಡಿ.

ನಾವೀಗ ಮನುಷ್ಯರನ್ನು ನೋಡುವ ಕೆಲಸ ಮಾಡ್ತೀವಿ. ಇಲ್ಲಿ ಆ ಲೆಕ್ಕ ಇಲ್ಲ. ಅದಕ್ಕೇ ಈ ಮಾತು ಎತ್ತಿದ್ದು.

ನಾವು ನರ್ಸುಗಳು. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಸುತ್ತಿನ ತೋಟದ ಲೈನುಗಳಲ್ಲಿ ಹುಟ್ಟಿದವರು. ಸರ್ಕಾರಿ ಹಾಸ್ಟೆಲಿನ ಅನ್ನ ತಿಂದು, ಸ್ಕಾಲರ್‌ಶಿಪ್ ಬಂದಾಗ ಫೀಸು ಕಟ್ಟಿ, ಬರದಾಗ ಅವ್ವನ ಕಿವಿಯೋಲೆ ಅಡವಿಟ್ಟು, ಜಿ.ಎನ್.ಎಂ. ಮುಗಿಸಿದವರು. ಘಟ್ಟ ಇಳಿದು ಒಂದು ದೊಡ್ಡ ಬೋಧನಾ ಆಸ್ಪತ್ರೆ ಸೇರಿದೆವು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಹೆದರಿಕೆ ಒಂದು ಕಾರಣ, ಅದನ್ನು ಮುಚ್ಚಿಡುವುದೂ ಇಲ್ಲ. ಇನ್ನೊಂದು ಕಾರಣ, ಹೆಸರು ಬರೆದರೆ "ಓ, ಅಲ್ಲಿ ಮಾತ್ರ ಹಾಗೆ" ಅಂತ ಓದುವವರು ನೆಮ್ಮದಿ ಮಾಡ್ಕೊಳ್ತಾರೆ.

ನಮ್ಮ ಮಲೆನಾಡಿನ ರೋಗಿಗಳು ಬರೋದು ಹೀಗೆ. ಮೂಡಿಗೆರೆ ಕಡೆಯವರು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಉಜಿರೆ ಮೇಲೆ ಬರ್ತಾರೆ. ಕಳಸದವರು ಕುದುರೆಮುಖ ಹಾದು ಕಾರ್ಕಳ ಮೇಲೆ ಬರ್ತಾರೆ. ಮಳೆಗಾಲದಲ್ಲಿ ಧರೆ ಕುಸಿದರೆ ಆ ದಾರಿಯೂ ಇಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಬಿದ್ದಾಗ ಘಟ್ಟದ ಮೇಲಿನವರು ಏನು ಪಾಡುಪಟ್ಟರು ಅನ್ನೋದು ಅವರಿಗೇ ಗೊತ್ತು. ಈಗ ಚಿಕ್ಕಮಗಳೂರಿಗೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಒಳ್ಳೆಯದು. ಕಾಲೇಜು ಬಂತು ಅಂತ ಪಟಾಕಿ ಹೊಡೆದವರು ಒಂದು ಪ್ರಶ್ನೆ ಕೇಳಿದ್ದರೆ ಇನ್ನೂ ಒಳ್ಳೆಯದಿತ್ತು: ರಾತ್ರಿ ಪಾಳಿಗೆ ನರ್ಸುಗಳು ಎಷ್ಟು?

ಯಾಕಂದ್ರೆ ಬೋಧನಾ ಆಸ್ಪತ್ರೆ ಅಂದ್ರೆ ಎಲ್ಲರಿಗೂ ಮೊದಲು ಕಾಣೋದು ಡಾಕ್ಟರಾಗುವ ಹುಡುಗರು, ಸೀಟು, ಕಟ್ಟಡ. ರೋಗಿಯ ಪಕ್ಕ ಇಪ್ಪತ್ನಾಲ್ಕು ಗಂಟೆ ಇರೋದು ನರ್ಸು. ಭಾರತೀಯ ನರ್ಸಿಂಗ್ ಪರಿಷತ್ತು 1985ರಲ್ಲೇ ಲೆಕ್ಕ ಹಾಕಿಟ್ಟಿದೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ಹಾಸಿಗೆಗೆ ಒಬ್ಬರು, ಅಂದ್ರೆ ಮೂರು ಪಾಳಿಗೆ ಹಂಚಿದರೆ ಒಂದು ಪಾಳಿಯಲ್ಲಿ 9 ಹಾಸಿಗೆಗೆ ಒಬ್ಬರು. ರಜೆ, ಕಾಯಿಲೆ, ಬಾಣಂತನಕ್ಕೆ ಅಂತ ಅದರ ಮೇಲೆ ನೂರಕ್ಕೆ 30 ಜನ ಹೆಚ್ಚಿಗೆ. ಪಾಠ ಕಲಿಸದ ಆಸ್ಪತ್ರೆಗಾದರೆ 5 ಹಾಸಿಗೆಗೆ ಒಬ್ಬರು. ಬೋಧನಾ ಆಸ್ಪತ್ರೆಗೆ ಹೆಚ್ಚು ಜನ ಯಾಕೆ ಬೇಕು? ಕಷ್ಟದ ಕೇಸು ಅಲ್ಲಿಗೇ ಬರ್ತವೆ, ಕಲಿಯುವವರ ಮೇಲೂ ಒಂದು ಕಣ್ಣು ಇಡಬೇಕು, ಅದಕ್ಕೆ.

ನಮ್ಮ ವಾರ್ಡಿನಲ್ಲಿ ರಾತ್ರಿ 41 ಹಾಸಿಗೆಗೆ ಒಬ್ಬರು. ಜೊತೆಗೆ ಎರಡನೇ ವರ್ಷದ ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿ. ಆ ಹುಡುಗಿ ಕಲಿಯೋಕೆ ಬಂದವಳು, ಫೀಸು ಕಟ್ಟಿ ದುಡಿಯುವವಳು. ತೋಟದಲ್ಲಿ ಮಕ್ಕಳನ್ನು ಅವ್ವನ ಜೊತೆ ಕೊಯ್ಲಿಗೆ ಹಚ್ಚಿ ಅವ್ವನ ಒಬ್ಬಳ ಹಾಜರಿ ಹಾಕ್ತಿದ್ರಲ್ಲ, ಹಾಗೆ. ಇನ್‌ಸ್ಪೆಕ್ಷನ್ ಬರುವ ದಿನ ಮಾತ್ರ ವಾರ್ಡು ತುಂಬ ಬಿಳಿ ಬಟ್ಟೆ. ನಾವು ಕಂಡರಿಯದ ಮುಖಗಳು. "ಯಾವ ವಾರ್ಡಮ್ಮಾ ನಿಂದು?" ಅಂದ್ರೆ "ಗೊತ್ತಿಲ್ಲ ಅಕ್ಕಾ, ಇವತ್ತು ಇಲ್ಲಿ ನಿಂತ್ಕೊ ಅಂದ್ರು" ಅಂತಾರೆ. ಸಂಜೆ ಬಸ್ಸು ಹತ್ತಿ ಹೋಗ್ತಾರೆ. ಅವರು ಹೋದ ಮೇಲೆ ವಾರ್ಡು ಮತ್ತೆ ನಮ್ಮದು.

ಕೆಲಸ ಗುತ್ತಿಗೆ. ಹನ್ನೊಂದು ತಿಂಗಳು ಆದ ಮೇಲೆ ಒಂದು ದಿನ ಬಿಟ್ಟು ಹೊಸ ಕಾಗದ. ಆ ಒಂದು ದಿನವೂ ಡ್ಯೂಟಿ ಇರ್ತದೆ, ಹಾಜರಿ ಇರೋದಿಲ್ಲ. ಸಂಬಳ ಕೊಡುವವರು ಆಸ್ಪತ್ರೆಯವರಲ್ಲ, ಏಜೆನ್ಸಿಯವರು. ಏಜೆನ್ಸಿಯವರನ್ನು ಕೇಳಿದರೆ "ಆಸ್ಪತ್ರೆಯಿಂದ ಬಿಲ್ ಆಗಿಲ್ಲ" ಅಂತಾರೆ. ನಮ್ಮ ಅಪ್ಪಂದಿರು ರೈಟರಿನಿಂದ ಸಾಹುಕಾರರಿಗೆ, ಸಾಹುಕಾರರಿಂದ ರೈಟರಿಗೆ ಓಡಾಡಿದ ದಾರಿಯೇ ಇದು. ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಆದೇಶ ಕೊಟ್ಟಿತು. ಅದರಂತೆ ಆದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಖಾಸಗಿ ಆಸ್ಪತ್ರೆ ತನ್ನ ನರ್ಸುಗಳಿಗೆ ಸರ್ಕಾರಿ ನರ್ಸಿನ ಸಮ ಸಂಬಳ ಕೊಡಬೇಕು, ಎಷ್ಟೇ ಸಣ್ಣ ಆಸ್ಪತ್ರೆಯಾದರೂ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂದಿತು. ಕೇರಳದ ನರ್ಸುಗಳು ವರ್ಷಗಟ್ಟಲೆ ಬೀದಿಯಲ್ಲಿ ಕೂತು 2018ರಲ್ಲಿ ಅದನ್ನು ಸರ್ಕಾರಿ ಅಧಿಸೂಚನೆ ಮಾಡಿಸಿಕೊಂಡರು. ನಮ್ಮದು ಸಾವಿರ ಹಾಸಿಗೆಯ ಹತ್ತಿರದ ಆಸ್ಪತ್ರೆ. ನಮ್ಮ ಕೈಗೆ ಬರೋದು ಆ ಸಣ್ಣ ಆಸ್ಪತ್ರೆಯ ಮಟ್ಟಕ್ಕೂ ಮುಟ್ಟಿಲ್ಲ. ಸರ್ಕಾರದಲ್ಲಿದ್ದರೆ ಸುಖ ಅಂತಲ್ಲ. 2023ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೆಲಸ ಖಾಯಂ ಮಾಡಿ ಅಂತ ಕೂತಿದ್ದನ್ನು ನೀವೂ ಕಂಡಿದ್ದೀರಿ.

ಜಾತಿಯ ಮಾತು. ಆಸ್ಪತ್ರೆಯಲ್ಲಿ ಯಾರೂ ನಮ್ಮ ಜಾತಿ ಕೇಳೋದಿಲ್ಲ. "ಯಾವೂರಮ್ಮ? ಓ, ಕಳಸವಾ! ನಿಮ್ಮದು ತೋಟವೋ ಲೈನೋ?" ಅಂತ ಕೇಳ್ತಾರೆ. ಲೈನು ಅಂದ ಮೇಲೆ ಮುಗೀತು, ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿರ್ತದೆ ಅಂತ ಹೇಳಬಹುದು. ಓ.ಪಿ.ಡಿ.ಯಲ್ಲಿ, ವಿ.ಐ.ಪಿ. ವಾರ್ಡಿನಲ್ಲಿ ಇರೋದಿಲ್ಲ. ಒಮ್ಮೆ ಒಬ್ಬ ಹಿರಿಯ ಹೆಂಗಸು ಮಾತ್ರೆಗೆ ನೀರು ಕೊಡೋಕೆ ಬೇರೆ ಸಿಸ್ಟರನ್ನು ಕರೀರಿ ಅಂದರು. ಅರ್ಧ ಗಂಟೆ ಮುಂಚೆ ಅವರ ಮಲ ಒರೆಸಿ ಬಟ್ಟೆ ಬದಲಿಸಿದ್ದು ನಾವೇ. ಆಗ ಬೇರೆ ಸಿಸ್ಟರನ್ನು ಕರೆಯಲಿಲ್ಲ. ನರ್ಸಿಂಗ್ ಶಾಲೆಯಲ್ಲಿ ದೀಪ ಹಿಡಿದ ನೈಟಿಂಗೇಲಮ್ಮನ ಪಟದ ಮುಂದೆ ನಮ್ಮಿಂದ ಪ್ರತಿಜ್ಞೆ ಮಾಡಿಸಿದರು. ಆ ತಾಯಿಗೂ ನಮಸ್ಕಾರ. ಆದರೆ ಪುಣೆಯ ಹತ್ತಿರದ ಮುಂಢ್ವಾದಲ್ಲಿ ಪ್ಲೇಗು ಹತ್ತಿದ ಮಹಾರ್ ಹುಡುಗನನ್ನು ಹೊತ್ತು ಮಗ ಯಶವಂತನ ಆಸ್ಪತ್ರೆಗೆ ತಂದು, ಅದೇ ಪ್ಲೇಗಿಗೆ 1897ರ ಮಾರ್ಚ್ 10ರಂದು ಸತ್ತ ಸಾವಿತ್ರಿಬಾಯಿಯ ವಿಷಯ ನಮಗೆ ಗೊತ್ತಾದದ್ದು ಆ ಶಾಲೆಯಲ್ಲಲ್ಲ, ಸಂಘಟನೆಯ ಅಣ್ಣಂದಿರು ಕೊಟ್ಟ ಒಂದು ಕಿರುಪುಸ್ತಕದಲ್ಲಿ.

ನಮಗೆ ಬಟ್ಟೆ ಬದಲಿಸೋಕೆ ಕೋಣೆ ಇಲ್ಲ. ಕೊಳೆ ಬಟ್ಟೆ ರಾಶಿ ಹಾಕುವ ಕೋಣೆಯ ಮೂಲೆಯಲ್ಲಿ ಬದಲಿಸ್ತೀವಿ. ಬಾಗಿಲಿಗೆ ಚಿಲಕ ಇಲ್ಲ, ಒಬ್ಬರು ಬದಲಿಸುವಾಗ ಒಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ತೀವಿ. ಇದೇನು ದೊಡ್ಡ ವಿಷಯ ಅನ್ನಬೇಡಿ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಎಂಬ ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ್, ಡ್ಯೂಟಿ ಮುಗಿಸಿ ಮನೆಗೆ ಹೊರಡಲು ಬಟ್ಟೆ ಬದಲಿಸ್ತಾ ಇದ್ದದ್ದು ನೆಲಮಾಳಿಗೆಯಲ್ಲಿ. 1973ರ ನವೆಂಬರ್ 27. ವಯಸ್ಸು 25. ಅಲ್ಲಿ ಅದೇ ಆಸ್ಪತ್ರೆಯ ಕಸ ಗುಡಿಸುವವನು ನಾಯಿ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಬಿಗಿದ. ಮಿದುಳಿಗೆ ಉಸಿರು ಹೋಗಲಿಲ್ಲ. ಆಕೆ ಮತ್ತೆ ಎದ್ದು ಕೂರಲಿಲ್ಲ. ಅವನಿಗೆ ಹಲ್ಲೆಗೂ ದರೋಡೆಗೂ ಶಿಕ್ಷೆಯಾಯಿತು, ಮೈಮೇಲೆ ನಡೆದ ಅತ್ಯಾಚಾರ ಆರೋಪಪಟ್ಟಿಗೇ ಬರಲಿಲ್ಲ. ಕಾಗದದಲ್ಲಿ ಇಲ್ಲದ್ದು ನಡೆಯಲೇ ಇಲ್ಲ. ಆಗ ಮುಂಬಯಿಯ ನರ್ಸುಗಳು ಕೆಲಸ ನಿಲ್ಲಿಸಿದರು. ಮುಂದೆ ಎಂಬತ್ತರ ದಶಕದಲ್ಲಿ ಆಕೆಯ ಹಾಸಿಗೆ ಖಾಲಿ ಮಾಡಿಸಲು ಪಾಲಿಕೆ ಹೊರಟಾಗಲೂ ನರ್ಸುಗಳೇ ಅಡ್ಡ ನಿಂತರು. ನಲವತ್ತೊಂದು ವರ್ಷದ ಮೇಲೆ, 2015ರ ಮೇ 18ರಂದು ಸಾಯುವ ತನಕ, ಒಂದು ತಲೆಮಾರಿನವರು ನಿವೃತ್ತರಾಗಿ ಇನ್ನೊಂದು ತಲೆಮಾರು ಬಂದು ಆಕೆಯನ್ನು ನೋಡಿಕೊಂಡಿತು. ಮಾತಾಡದ ಒಬ್ಬ ಹೆಂಗಸನ್ನು ಅಷ್ಟು ವರ್ಷ ಹಾಸಿಗೆಹುಣ್ಣು ಬಾರದ ಹಾಗೆ ನೋಡೋದು ಅಂದ್ರೆ ಏನು ಅಂತ ನಮ್ಮ ಕಸುಬಿನವರಿಗೆ ಗೊತ್ತು. 2024ರ ಆಗಸ್ಟಿನಲ್ಲಿ ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯ ನಡುವೆ ಮಲಗಲು ಸೆಮಿನಾರ್ ಹಾಲಿಗೆ ಹೋದ ಡಾಕ್ಟರ್ ಹುಡುಗಿಯನ್ನು ಕೊಂದಾಗ ದೇಶವೆಲ್ಲ ಎದ್ದಿತು. ನಾವೂ ಮೊಂಬತ್ತಿ ಹಿಡಿದು ನಿಂತೆವು. ಮಾರನೆ ದಿನ ಚಿಲಕದ ಅರ್ಜಿ ಕೊಟ್ಟೆವು. ಅರ್ಜಿ ಇನ್ನೂ ಇದೆ, ಚಿಲಕ ಇಲ್ಲ.

ಇನ್ನು ಆ ರಾತ್ರಿ. ಇದನ್ನು ಬರೆಯೋಕೇ ನಾವು ಕೂತದ್ದು, ಆದರೆ ಸುತ್ತಿ ಬಳಸಿ ಇಷ್ಟು ದೂರ ಬಂದೆವು.

ಕಳಸದ ಕಡೆಯ ಒಂದು ತೋಟದ ಲೈನಿನ ಹುಡುಗಿ, ಚೊಚ್ಚಲ ಹೆರಿಗೆ, ಮೈಯಲ್ಲಿ ರಕ್ತ ಮೊದಲೇ ಕಡಿಮೆ. ರಾತ್ರಿ ಒಂದು ಗಂಟೆಯ ಮೇಲೆ ಹೆತ್ತಳು. ಹೆತ್ತ ಮೇಲೆ ಎರಡು ಗಂಟೆ ಹೆರಿಗೆ ಕೋಣೆಯಲ್ಲೇ ಇಟ್ಟುಕೊಂಡು ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿಪಿ, ರಕ್ತ ಹೋಗೋದು, ಗರ್ಭಕೋಶ ಗಟ್ಟಿಯಾಗಿದೆಯೇ ಅನ್ನೋದು ನೋಡಬೇಕು. ಅಲ್ಲಿ ಟೇಬಲ್ ಖಾಲಿ ಇರಲಿಲ್ಲ. ಮುಕ್ಕಾಲು ಗಂಟೆಗೇ ವಾರ್ಡಿಗೆ ತಳ್ಳಿದರು. ಸರಿ, ಆ ನೋಡುವ ಕೆಲಸ ವಾರ್ಡಿನಲ್ಲಿ ಆಗಬೇಕು. ಎರಡು ಗಂಟೆಗೆ ಇನ್ನೊಂದು ತುದಿಯಲ್ಲಿ ಸಿಸೇರಿಯನ್ ಆದ ಒಬ್ಬಳಿಗೆ ಬಿಪಿ ಏರಿ ಫಿಟ್ಸ್ ಬಂತು. ಹಿಡಿಯೋಕೆ ಒಬ್ಬರು, ಇಂಜೆಕ್ಷನ್ನಿಗೆ ಒಬ್ಬರು, ಪಿ.ಜಿ. ಡಾಕ್ಟರಿಗೆ ಫೋನು. ಇದ್ದವರು ಇಬ್ಬರು, ಇಬ್ಬರೂ ಅಲ್ಲೇ. ಆ ತಾಯಿ ಉಳಿದಳು. ಅದು ಸಣ್ಣ ಕೆಲಸ ಅಲ್ಲ, ಅದನ್ನೂ ಹೇಳಬೇಕು.

ಮೂರೂಕಾಲರ ಹೊತ್ತಿಗೆ ಹಿಂದಿನಿಂದ ಯಾರೋ ಸೆರಗು ಜಗ್ಗಿದಂತಾಯ್ತು. ನಮ್ಮದು ಸೆರಗಲ್ಲ, ಕೋಟು. ನೆಲದ ಮೇಲೆ ಚೀಲ ಹಾಸಿ ಮಲಗಿದ್ದ ಆ ಹುಡುಗಿಯ ಅವ್ವ. "ಸಿಸ್ಟರವ್ವಾ, ಮಗ ಮೈ ತಣ್ಣಗಾಗದೆ, ಒಂಚೂರು ಬಂದು ನೋಡ್ತೀಯಾ?" ಬೈಗಳಲ್ಲ, ಗಲಾಟೆಯಲ್ಲ, ಬೇಡಿಕೊಳ್ಳುವ ದನಿ. ಹೊದಿಕೆ ಎತ್ತಿದ್ದು ನಾವಲ್ಲ, ಆಕೆ. ರಕ್ತ ಹಾಸಿಗೆ ದಾಟಿ ಕೆಳಗೆ ತೊಟ್ಟಿಕ್ಕುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟರೆ ಚೆಂಡಿನ ಹಾಗೆ ಗಟ್ಟಿ ಸಿಗಬೇಕಾದ ಗರ್ಭಕೋಶ ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು.

ಮುಂದಿನದು ಬೇಗ ಹೇಳ್ತೀವಿ. ಒತ್ತಿದೆವು, ಇಂಜೆಕ್ಷನ್ನು, ಎರಡು ಕೈಗೂ ಡ್ರಿಪ್ಪು, ಸ್ಟ್ರೆಚರ್ ತಳ್ಳೋಕೆ ಆಳಿಲ್ಲದೆ ನಾವೇ ತಳ್ಳಿದ್ದು, ಆಪರೇಷನ್ ಥಿಯೇಟರು, ನಾಲ್ಕು ಬಾಟಲಿ ರಕ್ತ. ಹುಡುಗಿ ಬದುಕಿದಳು. ಗರ್ಭಕೋಶ ತೆಗೆದರು.

ಬೆಳಿಗ್ಗೆ ಆರು ಗಂಟೆಗೆ ಕೇಸ್‌ಶೀಟು ನಮ್ಮ ಮುಂದಿತ್ತು. ಎರಡು ಗಂಟೆ, ಎರಡೂಕಾಲು, ಎರಡೂವರೆ, ಎರಡೂ ಮುಕ್ಕಾಲು, ಮೂರು, ಮೂರೂಕಾಲು. ಆರು ಮನೆ ಖಾಲಿ. ವಾರ್ಡ್ ಇನ್‌ಚಾರ್ಜ್ ಬಂದವರು ಶೀಟು ನೋಡಿ, ನಮ್ಮ ಮುಖ ನೋಡದೆ, "ಕಂಪ್ಲೀಟ್ ಮಾಡಿ ಹೋಗಿ" ಅಂದರು. ಅವರೂ ಒಂದು ಕಾಲಕ್ಕೆ ನಮ್ಮ ಹಾಗೇ ರಾತ್ರಿ ಪಾಳಿ ಮಾಡಿದವರು.

ಬರೆದೆವು. ನಾಡಿ 84, 86, 84, 88. ಬಿಪಿ 110/70. ಗರ್ಭಕೋಶ ಗಟ್ಟಿ. ರಕ್ತಸ್ರಾವ ಸಾಧಾರಣ. ಒಂದೇ ಪೆನ್ನು, ಒಂದೇ ಉಸಿರು. ಕೈ ನಡುಗಲಿಲ್ಲ, ಯಾಕಂದ್ರೆ ಅದು ಮೊದಲ ಸಲ ಆಗಿರಲಿಲ್ಲ. ನಮ್ಮ ವಾರ್ಡಿನಲ್ಲಿ ಪ್ರತಿ ಬೆಳಿಗ್ಗೆ ಎಷ್ಟೋ ಹಾಳೆಗಳು ಹೀಗೇ ತುಂಬ್ತವೆ. ಬರೆದವಳು ಯಾರು ಅಂತ ಕೇಳಬೇಡಿ. ಬರೆದದ್ದು ನಾವು.

ಹತ್ತು ದಿನಕ್ಕೆ ವಿಚಾರಣೆ ಆಯ್ತು. ದೊಡ್ಡ ಮೇಜು, ಚಹಾ, ಬಿಸ್ಕತ್ತು. ಹಾಳೆ ನೋಡಿದರು. ನಿಗಾ ಸರಿಯಾಗಿತ್ತು, ರಕ್ತಸ್ರಾವ ಹಠಾತ್ತನೆ ಆದದ್ದು ಅಂತ ಬರೆದುಕೊಂಡರು. "ನೀವು ಚೆನ್ನಾಗಿ ನಿಭಾಯಿಸಿದ್ದೀರಿ" ಅಂದರು. ಸಹಿ ಹಾಕಿ ಹೊರಗೆ ಬಂದೆವು. ವರಾಂಡದಲ್ಲಿ ಆ ಅವ್ವ ಮೊಮ್ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ಎದ್ದು ಬಂದು ನಮ್ಮ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ಮಿಂದ ನನ್ನ ಮಗಳು ಉಳುದ್ಲು ಕಣ್ರವ್ವಾ. ನಮ್ಮೂರ ಮಕ್ಳು ನೀವು ಇದ್ರಿ, ಉಳುದ್ಲು."

ಬೈದಿದ್ದರೆ ತಡ್ಕೊಳ್ತಿದ್ದೆವು. ತಲೆ ಒಡೆದಿದ್ದರೆ 2009ರ ಕಾಯ್ದೆ ಇದೆ, ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜೈಲು ಅಂತ ಅದರಲ್ಲಿ ಬರೆದಿದೆ. ಈ ಕೈ ಹಿಡಿಯೋದಕ್ಕೆ ಯಾವ ಕಾಯ್ದೆಯೂ ಇಲ್ಲ.

ಆ ಸಲ ರಜೆಗೆ ಊರಿಗೆ ಹೋದಾಗ ನಮ್ಮಲ್ಲೊಬ್ಬಳು ಇದನ್ನು ತನ್ನ ಅವ್ವನ ಹತ್ರ ಹೇಳಿದಳು. ಅವ್ವ ಒಲೆಯ ಮುಂದೆ ಕೂತು ಕೇಳಿದಳು. "ನಲವತ್ತೊಂದು ಜನಾನ ಒಬ್ಬಳೇ ನೋಡಿದೆ ಅಂತ ಬರ್ದ್ಯಾ?" ಅಂದಳು. "ಹೂಂ." "ಹಂಗಾದ್ರೆ ನಾಳೆ ಐವತ್ತು ಜನಾನ ಕೊಡ್ತಾರೆ ಮಗಾ. ಆಗ್ತದೆ ಅಂತ ನೀನೇ ಬರ್ದು ಕೊಟ್ಟಿದ್ದೀಯಲ್ಲ."

ಕಾನೂನು ಓದಿದವರು, ಯೂನಿಯನ್ನಿನವರು ನಮಗೆ ಹೇಳದ ಮಾತು ಅದು. ನಾವು ಅಂದುಕೊಂಡಿದ್ದೆವು, ಸುಳ್ಳು ಬರೆಯೋದು ನಮ್ಮ ನೌಕರಿ ಉಳಿಸ್ಕೊಳ್ಳೋಕೆ ಅಂತ. ನಮ್ಮ ಸುಳ್ಳು ಕಾಯ್ತಾ ಇದ್ದದ್ದು ನಮ್ಮನ್ನಲ್ಲ, 41 ಹಾಸಿಗೆಗೆ ಒಬ್ಬಳನ್ನು ಹಾಕಿದವರನ್ನು. ಮುಂದಿನ ಇನ್‌ಸ್ಪೆಕ್ಷನ್ನಿಗೆ ನಮ್ಮ ಹಾಳೆಗಳೇ ಸಾಕ್ಷಿ: ನೋಡಿ, ಪ್ರತಿ ಹದಿನೈದು ನಿಮಿಷಕ್ಕೂ ಬರೆದಿದ್ದಾರೆ, ಜನ ಸಾಲದು ಅನ್ನೋದು ಎಲ್ಲಿ? 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೂ ಆಸ್ಪತ್ರೆ, ಕೂಸು ನೋಡುವ ಮನೆ, ವಾಸಕ್ಕೆ ಮನೆ, ಎಲ್ಲ ಇತ್ತು. ಎಷ್ಟೋ ತೋಟಗಳಲ್ಲಿ ಅದು ರಿಜಿಸ್ಟರಿನಲ್ಲಿ ಮಾತ್ರ ಇತ್ತು, ನಮ್ಮ ಅಪ್ಪಂದಿರ ಹೆಬ್ಬೆಟ್ಟಿನ ಜೊತೆಗೆ. ಈಗ ಆ ಕಾಯ್ದೆಯೇ ಹೊಸ ಕಾರ್ಮಿಕ ಸಂಹಿತೆಯೊಳಗೆ ಕರಗಿಹೋಗಿದೆ. ಅಪ್ಪಂದಿರಿಗೆ ಓದು ಬರ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದರು. ನಾವು ಓದಿದವರು, ಸಹಿ ಹಾಕಿದೆವು.

ಹೋದ ತಿಂಗಳಿಂದ ನಾವು ನೋಡದ್ದನ್ನು ಬರೆಯೋದು ಬಿಟ್ಟಿದ್ದೀವಿ. ಮುಷ್ಕರವಲ್ಲ, ಘೋಷಣೆಯಲ್ಲ. ಎಲ್ಲ ಕೆಲಸ ಮಾಡ್ತೀವಿ, ಮೊದಲಿಗಿಂತ ಹೆಚ್ಚೇ ಮಾಡ್ತೀವಿ. ನೋಡಿದ ಮನೆಯಲ್ಲಿ ನೋಡಿದ್ದು ಬರೀತೀವಿ. ನೋಡಲಾಗದ ಮನೆಯಲ್ಲಿ ಕೆಂಪು ಶಾಯಿಯಲ್ಲಿ "ನೋಡಲಾಗಲಿಲ್ಲ. ಪಾಳಿಯಲ್ಲಿ ಒಬ್ಬರೇ" ಅಂತ ಬರೆದು ಗಂಟೆ ಹಾಕಿ ಸಹಿ ಮಾಡ್ತೀವಿ. ಮೊದಲ ರಾತ್ರಿಯ ಹಾಳೆಗಳಲ್ಲಿ ಕೆಂಪೇ ಹೆಚ್ಚಿತ್ತು. ನಮಗೇ ನೋಡೋಕೆ ಭಯವಾಯ್ತು.

ಒಪ್ಪಿದವರು 14 ಜನ. ಒಂದು ವಾರ ಆಗೋದರೊಳಗೆ 9 ಜನ ಉಳಿದೆವು. ಹಿಂದೆ ಸರಿದವರನ್ನು ದೂರೋದಿಲ್ಲ. ಒಬ್ಬಳ ಅಪ್ಪ ಮರಗಸಿಗೆ ಹತ್ತಿ ಸಿಲ್ವರ್ ಮರದಿಂದ ಬಿದ್ದು ಸೊಂಟ ಮುರಿದು ಮಲಗಿದ್ದಾನೆ, ಮನೆಗೆ ಅವಳ ಸಂಬಳ ಒಂದೇ. ಇನ್ನೊಬ್ಬಳ ಸರ್ಟಿಫಿಕೇಟುಗಳು ಇನ್ನೂ ಆಫೀಸಿನ ಬೀರುವಿನಲ್ಲಿವೆ. ಪಿ.ಜಿ. ಡಾಕ್ಟರುಗಳಲ್ಲಿ ಇಬ್ಬರು ಗುಟ್ಟಾಗಿ "ಒಳ್ಳೇದು ಮಾಡಿದ್ರಿ ಸಿಸ್ಟರ್" ಅಂದರು, ಜೋರಾಗಿ ಹೇಳೋಕೆ ಅವರಿಗೂ ಪರೀಕ್ಷೆಯ ಹೆದರಿಕೆ. ರೋಗಿಗಳ ಕಡೆಯವರಲ್ಲಿ ಒಬ್ಬರು ಕೆಂಪು ಅಕ್ಷರ ಓದಿ ನಮ್ಮ ಮೇಲೇ ಕೂಗಾಡಿದರು. ಅದೂ ಸರಿಯೇ, ಅವರಿಗೆ ಎದುರಿಗೆ ಸಿಗೋದು ನಾವೇ ತಾನೆ.

ಮೆಮೊ ಬಂದಿದೆ. ದಾಖಲೆಗಳನ್ನು ಅಪೂರ್ಣವಾಗಿ ಬಿಟ್ಟು ಸಂಸ್ಥೆಯ ಹೆಸರಿಗೆ ಧಕ್ಕೆ ತಂದಿದ್ದಕ್ಕೆ ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಅಂತ ಕೇಳಿದ್ದಾರೆ. ಒಂಬತ್ತು ಜನಕ್ಕೂ ಒಂದೇ ಮೆಮೊ, ಹೆಸರು ಮಾತ್ರ ಬೇರೆ. ಉತ್ತರ ಬರೆದಿಟ್ಟಿದ್ದೀವಿ. ಅದರಲ್ಲಿ 30 ರಾತ್ರಿಗಳ ಹಾಸಿಗೆಯ ಲೆಕ್ಕ ಇದೆ, ಪಕ್ಕದಲ್ಲಿ ನರ್ಸುಗಳ ಲೆಕ್ಕ ಇದೆ. ಆ ಹುಡುಗಿಯ ಹಾಳೆಯ ಆರು ಮನೆಗಳ ವಿಷಯವನ್ನೂ ಸೇರಿಸಬೇಕೋ ಬೇಡವೋ ಅನ್ನೋದರಲ್ಲಿ ನಮ್ಮೊಳಗೆ ಎರಡು ರಾತ್ರಿ ಜಗಳ ಆಯ್ತು. ಸೇರಿಸಿದರೆ ನೌಕರಿ ಮಾತ್ರ ಅಲ್ಲ, ರಿಜಿಸ್ಟ್ರೇಷನ್ನೂ ಹೋಗಬಹುದು. ಸೇರಿಸದಿದ್ದರೆ ಕೆಂಪು ಶಾಯಿಗೆ ಅರ್ಥ ಇಲ್ಲ.

ಸೇರಿಸಿದ್ದೀವಿ. ಉತ್ತರ ಕೊಡೋಕೆ ಬರುವ ಸೋಮವಾರದ ತನಕ ಗಡುವು. ಭಾನುವಾರ ರಾತ್ರಿಯ ಡ್ಯೂಟಿ ನಮ್ಮದೇ.